ಹತ್ತೊಂಬತ್ತು ವರ್ಷ ಏಳು ತಿಂಗಳು

ಪರೀಕ್ಷೆಯಲ್ಲಿ ಅವರಿಗೆ ಹೆಸರಿರಲಿಲ್ಲ, ಬರೀ ಅ ಮತ್ತು ಬ.
ಅ-ನ ಮನೆಗೆ ಕಿಟಕಿ, ಬ-ನ ಜಾಗದಲ್ಲಿ ಗೋಡೆ.
ಹತ್ತು ಅಂಕ. ಕಾರಣ ಸಹಿತ ಉತ್ತರಿಸಿ.
ಬರೆದಿದ್ದೆ: ಅ ಸೋಲುತ್ತಾನೆ,
ಇಪ್ಪತ್ತು ವರ್ಷ ತುಂಬಿಲ್ಲ.
ನಾಲ್ಕು ಬಂತು.
ಉಳಿದ ಆರು ಎಲ್ಲಿ ಹೋಯಿತೆಂದು
ಕೇಳುವ ರೂಢಿ ನಮ್ಮ ಕಾಲೇಜಿನಲ್ಲಿಲ್ಲ.

ಆ ಆರು ಸಿಕ್ಕಿದ್ದು
ಶಿವಮೊಗ್ಗದ ಸೀಗೆಹಟ್ಟಿಯ ಅಡ್ಡಓಣಿಯೊಂದರಲ್ಲಿ,
ವಿಠೋಬರಾವ್ ಪಿಸ್ಸೆಯವರ ರಫು ಅಂಗಡಿಯಲ್ಲಿ.
ಮೂರಡಿಗೆ ನಾಲ್ಕಡಿಯ ಕಿಟಕಿ. ಅದರಾಚೆ
ಮೊನ್ನೆಯವರೆಗೆ ಧನ್ಯಕುಮಾರರ ಖಾಲಿ ನಿವೇಶನ,
ಇವತ್ತು ಹಸಿ ಸಿಮೆಂಟು. ಕೈ ಚಾಚಿದರೆ ಅಂಟುತ್ತದೆ.

ಕೋರ್ಟಿನ ಅರ್ಧ ಕರಿಕೋಟುಗಳ ಮೊಣಕೈ
ಪಿಸ್ಸೆಯವರು ಹೆಣೆದದ್ದು.
ಇಲಿ ಕಡಿದದ್ದು, ಬೀಡಿ ಸುಟ್ಟದ್ದು,
ವಾಯಿದೆ ಕಾದು ಕಾದು ಮೇಜಿಗುಜ್ಜಿ ಸವೆದದ್ದು.
ಧನ್ಯಕುಮಾರರ ವಕೀಲರದ್ದೂ.
"ಟ್ಯೂಬ್‌ಲೈಟಲ್ಲಿ ಕಪ್ಪೂ ಕಡುನೀಲಿಯೂ ಒಂದೇ ಕಣಮ್ಮ,
ಬಿಸಿಲಿಗೆ ಹಿಡಿದರೇ ನೂಲು ಬಾಯಿಬಿಡೋದು."

ನಾಡಿಗ ವಕೀಲರು ಕೇಳಿದರು, ನಾನು ಬರೆದುಕೊಂಡೆ:
ಕಿಟಕಿ ಇಡುವಾಗ ಪಕ್ಕದವರ ಒಪ್ಪಿಗೆ ಕೇಳಿದ್ದಿರಾ?
"ಬೆಳಕಿಗೆ ಯಾರನ್ನ ಕೇಳ್ತಾರೆ ಸ್ವಾಮಿ?"
ವಕೀಲರ ಮೀಸೆ ಒಂಚೂರು ಅಲುಗಿತು.
ಕೇಳಿದ್ದರೆ, ಅವರು ಹೂಂ ಅಂದಿದ್ದರೆ, ಅದು ಉಪಕಾರ.
ಉಪಕಾರ ಎಷ್ಟು ಹಳತಾದರೂ ಹಕ್ಕಾಗುವುದಿಲ್ಲ.
ಕೇಳದೆ, ಕದಿಯದೆ, ಜಗಳವಿಲ್ಲದೆ
ದಿನಾ ಬಂದು ಕೂತ ಬಿಸಿಲು ಆಗಬಹುದು.

ಯಾವತ್ತಿನಿಂದ?
ಅಳತೆ ಪುಸ್ತಕ ಬಂತು, ಎಣ್ಣೆ ಕುಡಿದ ರಟ್ಟು.
ಮೊದಲ ಪುಟ: ಹೊಸ ಅಂಗಡಿ, ಸ್ವಂತದ್ದು.
ಆರ್‌ಟಿಓ ಗುಮಾಸ್ತರ ಸಫಾರಿ, ಮಂಡಿ ಹತ್ತಿರ ತೂತು,
ಹದಿನೈದು ರೂಪಾಯಿ, ಬಾಕಿ.
ತಾರೀಖಿನಿಂದ ಬೆರಳು ಮಡಚಿದೆ.
ಹತ್ತೊಂಬತ್ತು ವರ್ಷ ಏಳು ತಿಂಗಳು.
ಅ ಸೋಲುತ್ತಾನೆ ಎನ್ನಲು ಬಾಯಿ ತೆರೆದೆ,
ಎದುರಿಗೆ ಅ ಕೂತಿದ್ದರು, ಕಿವಿಯ ಮೇಲೆ ಸೂಜಿ.

ವಕೀಲರು ಮಾತಾಡಲಿಲ್ಲ, ಪುಸ್ತಕ ಇತ್ತ ತಳ್ಳಿದರು.
ಹದಿನೈದನೆಯ ಕಲಮು, ಕೆಳಗೆ ವಿವರಣೆ,
ಸಣ್ಣಕ್ಷರ, ನಾನು ಹಾರಿಸಿ ಓದಿದ್ದು.
ಅಡ್ಡಿ ಬಂದ ಮಾತ್ರಕ್ಕೆ ಅಡ್ಡಿಯಲ್ಲ;
ಅಡ್ಡಿಯಾದದ್ದು ತಿಳಿದೂ
ಒಂದು ವರ್ಷ ಸುಮ್ಮನೆ ಸಹಿಸಿದರೆ ಅಡ್ಡಿ.

ಮೂರು ಸಲ ಓದಿದೆ.
ಅಂದರೆ ಗೋಡೆ ಎದ್ದ ಮೇಲೂ
ಆ ಕಿಟಕಿಯಲ್ಲಿ ಬೆಳಕು ಬರುತ್ತಲೇ ಇದೆ
ಕಾಯ್ದೆಯ ಲೆಕ್ಕದಲ್ಲಿ,
ನಾವು ಬಾಯಿ ಮುಚ್ಚಿಕೊಳ್ಳದಿದ್ದರೆ.
ಇವತ್ತು ದಾವೆ ಹಾಕಿದರೆ ಸೋಲು.
ಇವತ್ತು ನೋಟಿಸು, ರಿಜಿಸ್ಟರ್ಡ್ ಪೋಸ್ಟು,
ಆಮೇಲೆ ಐದು ತಿಂಗಳು ಕತ್ತಲಲ್ಲಿ ಕೂತು
ಬೆಳಕಿನ ಇಪ್ಪತ್ತು ತುಂಬಿಸಬೇಕು.
ತುಂಬಿದ ಮರುದಿನ ಕೋರ್ಟು.

"ಹಂಗಾದ್ರೆ ಈ ಕತ್ತಲೆಯೂ ಬೆಳಕಿನ ಖಾತೆಗೇ ಜಮಾ?"
ಹೌದು ಅಂದೆ. ದನಿ ನನ್ನದರಂತಿರಲಿಲ್ಲ.
ಪಿಸ್ಸೆ ಬಹಳ ಹೊತ್ತು ಗೋಡೆ ನೋಡಿದರು.
"ಈ ಕಾಯ್ದೆ ಬರೆದೋನಿಗೆ ರಫು ಗೊತ್ತಿತ್ತು."

ನೋಟಿಸು ನಾನೇ ಬೆರಳಚ್ಚಿಸಿದೆ.
ಕೋರ್ಟಿನೆದುರು ಪುಟಕ್ಕೆ ಇಪ್ಪತ್ತು ರೂಪಾಯಿಯ ಕೆಲಸ ನನ್ನದು,
ಇದಕ್ಕೆ ತೆಗೆದುಕೊಳ್ಳಲಿಲ್ಲ. ಅವರೂ ಬಿಡಲಿಲ್ಲ,
ಅಣಕು ನ್ಯಾಯಾಲಯಕ್ಕೆಂದು ಕೊಂಡ ನನ್ನ ಹಳೇ ಕೋಟು
ಎಳೆದುಕೊಂಡು ಎಡ ಮೊಣಕೈ ಹೊಲಿದು ಕೊಟ್ಟರು.

ಸೋಮವಾರ ಕೋರ್ಟಿನ ಮೆಟ್ಟಿಲ ಮೇಲೆ ಬಿಸಿಲಿಗೆ ಬಂದಾಗ
ಮೊಣಕೈಯಲ್ಲಿ ಕಡುನೀಲಿ.
ನಾಲ್ಕಾಣೆಯಗಲ, ಒಂದೆಳೆಯೂ ತಪ್ಪದ ಹೆಣಿಗೆ,
ಬಣ್ಣ ಮಾತ್ರ ಬೇರೆ.

ಅವರಿಗೆ ಹೇಳಬೇಕೆಂದು ಓಣಿಯ ತನಕ ಹೋದೆ,
ಮೂಲೆಯಿಂದಲೇ ವಾಪಸು ಬಂದೆ.
ಮೂವತ್ತಮೂರನೆಯ ಕಲಮು: ಹಾನಿ ಆದದ್ದು ತೋರಿಸಬೇಕು.
ಕೋಟು ಮಡಚಿ ಫೈಲಿನೊಳಗಿಟ್ಟೆ,
ಫೈಲಿನ ದಾರ ಗಂಟಿಗೆ ಸಾಲಲಿಲ್ಲ.

ಶುಕ್ರವಾರ ಅಣಕು ನ್ಯಾಯಾಲಯ, ನನಗೆ ಕೋಟಿಲ್ಲ.
ದಾವೆಗೆ ಇನ್ನೂ ಎಪ್ಪತ್ತೆರಡು ದಿನ.